ಕಣ್ಣೆರಡು ಬಿಟ್ಟು

ಕಳೆದ ವರ್ಷ ನಮ್ಮೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿಗೆ ಸನ್ಮಾನ ಏರ್ಪಾಡಾಯಿತು. ಎಂಬತ್ತು ದಾಟಿದವರು. ಅವರ ಕೈಯಲ್ಲಿ ಕಲಿತವರು ಬೆಂಗಳೂರು, ಮೈಸೂರು, ಅಮೆರಿಕ ಎಂದು ಹರಡಿಕೊಂಡಿದ್ದಾರೆ. ಎಲ್ಲರೂ ದುಡ್ಡು ಹಾಕಿ ಒಂದು ಅಭಿನಂದನ ಗ್ರಂಥವನ್ನೂ ತಂದರು. ನಾನೂ ಅವರ ಶಿಷ್ಯೆ, ಮೇಲಾಗಿ ಅದೇ ಊರಿನಲ್ಲಿ ಹೈಸ್ಕೂಲು ಟೀಚರು. ಹೀಗಾಗಿ ಗ್ರಂಥದ ಪರಿಚಯ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. "ಹತ್ತು ನಿಮಿಷ ಸಾಕು ಮೇಡಂ, ಊಟಕ್ಕೆ ತಡವಾಗುತ್ತೆ" ಎಂದರು ಸಂಘಟಕರು.

ಹತ್ತು ನಿಮಿಷಕ್ಕಾಗಿ ನಾನು ಒಂದು ವಾರ ಆ ಪುಸ್ತಕ ಓದಿದೆ. ಒಳ್ಳೆಯ ಕಾಗದ, ನಡುವೆ ಬಣ್ಣದ ಫೋಟೋಗಳು, ಅಚ್ಚಿನ ತಪ್ಪುಗಳೂ ಕಡಿಮೆ. ಬರೆದವರಲ್ಲಿ ಡಾಕ್ಟರು, ಎಂಜಿನಿಯರು, ತಹಶೀಲ್ದಾರರು, ಇಬ್ಬರು ಕಾಲೇಜು ಅಧ್ಯಾಪಕರು. ಓದುತ್ತಾ ಹೋದಂತೆ ಒಂದು ಸಂಗತಿ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನಂತೆ ಚುಚ್ಚತೊಡಗಿತು. ಮುಕ್ಕಾಲು ಪಾಲು ಲೇಖನಗಳಲ್ಲಿ ಬೆತ್ತ ಇತ್ತು. ಒಬ್ಬರ ನೆನಪಿನಲ್ಲಿ ಅದು ನಾಗರಬೆತ್ತ, ಇನ್ನೊಬ್ಬರಲ್ಲಿ ಹುಣಸೆ ಬರಲು, ಮತ್ತೊಬ್ಬರಲ್ಲಿ ಲಕ್ಕಿ ಬರಲು. ಅದನ್ನು ಕಡಿದು ತರಲು ಹೊಡೆಸಿಕೊಳ್ಳುವ ಹುಡುಗರನ್ನೇ ಕಳಿಸುತ್ತಿದ್ದರು ಎಂಬುದು ಎಲ್ಲರಿಗೂ ನಗು ತರುವ ನೆನಪು. ಅಂಗೈ ಊದಿಕೊಂಡು ರೊಟ್ಟಿ ಮುರಿಯಲಾಗದೆ ಅಮ್ಮ ತುತ್ತು ಕೊಟ್ಟಿದ್ದನ್ನು ಒಬ್ಬರು ಬರೆದಿದ್ದಾರೆ. ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ಆ ಅಮ್ಮನ ಕೈಯ ಸಾರಿನ ವಾಸನೆಯೇ ಬರುತ್ತದೆ. ಆದರೆ ಅದರ ಮುಂದಿನ ಸಾಲಿನಲ್ಲೇ, ಆ ಏಟು ಬೀಳದಿದ್ದರೆ ತಾನು ಈ ಹುದ್ದೆಯಲ್ಲಿ ಇರುತ್ತಿರಲಿಲ್ಲ ಎಂದು ಕೈ ಮುಗಿದುಬಿಡುತ್ತಾರೆ.

ನಮ್ಮ ಕನ್ನಡದಲ್ಲಿ ಇದೊಂದು ಸಾಹಿತ್ಯ ಪ್ರಕಾರವೇ ಆಗಿಹೋಗಿದೆ ಎಂದು ನನಗನ್ನಿಸುತ್ತದೆ. ಸೆಪ್ಟೆಂಬರ್ 5 ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ ಇದು, ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ವರ್ಷವಿಡೀ ಇದು. ಮೊದಲು ಸೋರುವ ಹೆಂಚಿನ ಶಾಲೆ, ಆಮೇಲೆ ಏಟು, ಕೊನೆಗೆ ಕೃತಜ್ಞತೆ. ಸಂಧ್ಯಾವಂದನೆಯಂತೆ ಕ್ರಮ ತಪ್ಪುವುದಿಲ್ಲ.

ಈ ಬರಹಗಳ ವಾಕ್ಯಗಳನ್ನು ಸ್ವಲ್ಪ ಗಮನಿಸಿ. ನಾನು ಕನ್ನಡ ಟೀಚರು, ಕರ್ತೃ-ಕರ್ಮ-ಕ್ರಿಯಾಪದ ನೋಡುವ ಚಾಳಿ ಬಿಡುವುದಿಲ್ಲ. 'ಏಟು ಬಿತ್ತು' ಎನ್ನುತ್ತಾರೆ, ಮಳೆ ಬಿದ್ದ ಹಾಗೆ, ಮರದಿಂದ ಕಾಯಿ ಬಿದ್ದ ಹಾಗೆ. ಇಲ್ಲದಿದ್ದರೆ 'ಏಟು ತಿಂದೆ', 'ಒದೆ ತಿಂದೆ' ಎನ್ನುತ್ತಾರೆ. ಕೊಟ್ಟವರಿಲ್ಲ, ತಿಂದವನು ಮಾತ್ರ ಇದ್ದಾನೆ, ಅದೂ ಹೊಟ್ಟೆ ತುಂಬಾ. ಹೊಡೆದವರು ವಾಕ್ಯದೊಳಕ್ಕೆ ಬರುವುದೇ ಇಲ್ಲ. ನಮ್ಮ ಭಾಷೆಯೇ ಈ ವಿಷಯದಲ್ಲಿ ಮೇಷ್ಟ್ರ ಪಕ್ಷ. ಹಿಂದಿಯವರು ಶಿಕ್ಷಾ ಎಂದರೆ ವಿದ್ಯೆ. ಅದೇ ಸಂಸ್ಕೃತ ಪದ ಕನ್ನಡಕ್ಕೆ ಬಂದು ಶಿಕ್ಷೆಯಾಗಿ ಜೈಲಿಗೂ ಬೆಂಚಿಗೂ ಸಲ್ಲುವ ಮಾತಾಯಿತು. ಹೀಗಿದ್ದೂ ಕಲಿಸುವವಳಿಗೆ ನಾವು ಶಿಕ್ಷಕಿ ಎನ್ನುತ್ತೇವೆ! 'ಬುದ್ಧಿ ಕಲಿಸ್ತೀನಿ', 'ಸರಿಯಾಗಿ ಪಾಠ ಕಲಿಸ್ತೀನಿ' ಎಂದು ಬೀದಿಯಲ್ಲಿ ಯಾರಾದರೂ ತೋಳು ಮಡಿಸಿದರೆ, ಪಾಠ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಗ್ರಂಥದಲ್ಲಿ ಇಲ್ಲದ ಒಬ್ಬಳನ್ನು ನಾನು ಬಲ್ಲೆ. ಅದಕ್ಕೇ ಇಷ್ಟೆಲ್ಲಾ ಹೇಳುತ್ತಿದ್ದೇನೆ.

ಅದು ನಾವು ಏಳನೇ ತರಗತಿಯಲ್ಲಿದ್ದ ವರ್ಷ, 1980ರ ಆಸುಪಾಸು. ಈ ಮೇಷ್ಟ್ರೇ ನಮಗೆ ಕನ್ನಡಕ್ಕೆ ಬರುತ್ತಿದ್ದರು. ಬಹಳ ಚೆನ್ನಾಗಿ ಪಾಠ ಮಾಡುತ್ತಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕನ್ನಡ ಓದಿದ್ದು, ಬಿಎ ಮಾಡಿದ್ದು, ಟೀಚರಾದದ್ದು ಅವರು ಮನೆಗೆ ಕೊಟ್ಟು ಕಳಿಸುತ್ತಿದ್ದ ಪುಸ್ತಕಗಳಿಂದ. ಅವರ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ನನ್ನ ವಯಸ್ಸಿನ ಅನೇಕರಿಗೆ ಗೊತ್ತಿರುತ್ತದೆ, ಬಹಳ ಶಾಲೆಗಳಲ್ಲಿ ಇತ್ತು. ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದವರು ಸಾಲಾಗಿ ನಿಲ್ಲಬೇಕು. ಉತ್ತರ ಹೇಳಿದವರು ಎದ್ದು ಬಂದು, ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ, ಹೇಗೆ ಹೊಡೆಯಬೇಕೆಂದು ಮೇಷ್ಟ್ರು ನಮ್ಮ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು.

ಅವತ್ತು ಸಂಧಿ ಪಾಠ. ಆದೇಶ ಸಂಧಿಗೆ ಉದಾಹರಣೆ ಕೇಳಿದರು. ಮಳೆಗಾಲ ಎಂದೆ. ಆರೇಳು ಜನ ನಿಂತಿದ್ದರು. ಅವರಲ್ಲಿ ಒಬ್ಬಳು ನನ್ನ ಜೊತೆಗೇ ಶಾಲೆಗೆ ಬರುತ್ತಿದ್ದವಳು. ಅವಳ ಮನೆ ಊರಾಚೆ, ನಮ್ಮ ಮನೆ ಕೊನೆಯ ಬೀದಿ. ದಿನಾ ನಮ್ಮ ಜಗಲಿಯ ಬಳಿ ನನಗಾಗಿ ಕಾಯುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಎಂದು ಆಗ ನಾನು ಯೋಚಿಸಿದವಳಲ್ಲ. ಅವಳ ಮೂಗು ಹಿಡಿದೆ. ನೆಗಡಿಯಾಗಿತ್ತು. ಮೆಲ್ಲಗೆ ಹೊಡೆದೆ. "ಅದೇನು ಸವರ್ತೀಯಾ?" ಎಂದರು ಮೇಷ್ಟ್ರು. ಎರಡನೆಯ ಸಲ ಚೆನ್ನಾಗಿ ಹೊಡೆದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕಿದ್ದೆನೇ? ನಕ್ಕಿದ್ದೆ ಅಂತಲೇ ನನ್ನ ನೆನಪು. ಕೈಗೆ ಹತ್ತಿದ್ದನ್ನು ಲಂಗಕ್ಕೆ ಒರೆಸಿಕೊಂಡು ಬಂದು ಕೂತೆ.

ಮರುದಿನದಿಂದ ಅವಳು ಜಗಲಿಯ ಬಳಿ ಕಾಯಲಿಲ್ಲ. ದಸರಾ ರಜೆ ಮುಗಿದ ಮೇಲೆ ಶಾಲೆಗೂ ಬರಲಿಲ್ಲ. ಆ ಒಂದು ಏಟಿಗೇ ಬಿಟ್ಟಳು ಎಂದು ನಾನು ಹೇಳಲಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು, ತಾಯಿ ಕೂಲಿಗೆ ಹೋಗುತ್ತಿದ್ದಳು. ಆದರೆ ಗ್ರಂಥದಲ್ಲಿ ಲೇಖನ ಬರೆದ ಡಾಕ್ಟರರು, ಏಟಿನಿಂದಲೇ ಡಾಕ್ಟರಾದೆ ಎಂದು ಖಡಾಖಂಡಿತವಾಗಿ ಹೇಳಬಹುದಾದರೆ, ಅವಳ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಡವೇ? ಏಟು ತಿಂದು ಪಾಸಾದವರು ಬರೆಯುತ್ತಾರೆ. ಏಟು ತಿಂದು ಶಾಲೆ ಬಿಟ್ಟವರು ಬರೆಯುವುದಿಲ್ಲ, ಅವರಿಗೆ ಅಭಿನಂದನ ಸಮಿತಿಯಿಂದ ಕಾಗದವೂ ಹೋಗುವುದಿಲ್ಲ. ಬೆತ್ತವನ್ನು ಹೊಗಳುವ ನಮ್ಮ ಸಾಹಿತ್ಯವೆಲ್ಲ ದಡ ಸೇರಿದವರು ಹೊಳೆಯ ಬಗ್ಗೆ ಹೇಳಿದ ಮಾತು.

ಹಳೆಯ ಕಾಲದಲ್ಲಿ ಗುರುಕುಲ ಪ್ರೇಮಮಯವಾಗಿತ್ತು, ಬೆತ್ತ ಇಂಗ್ಲಿಷರು ತಂದದ್ದು ಎಂದು ವಾದಿಸುವವರಿದ್ದಾರೆ. ಬೆತ್ತವನ್ನು ಬಿಟ್ಟು ಕೆಟ್ಟೆವು, ಅದು ನಮ್ಮ ಸಂಸ್ಕೃತಿ ಎನ್ನುವವರೂ ಇದ್ದಾರೆ. ತಮಾಷೆಯೆಂದರೆ ಒಬ್ಬರೇ ಎರಡನ್ನೂ ಹೇಳುವುದುಂಟು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತ 1823ರಲ್ಲಿ ಅಲ್ಲಿನ ಊರ ಶಾಲೆಗಳ ಬಗ್ಗೆ ಮದರಾಸಿಗೆ ಒಂದು ವರದಿ ಕಳಿಸಿದ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಅದು ಪೂರ್ತಿಯಾಗಿ ಅಚ್ಚಾಗಿದೆ. ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆಗಳು, ಅದರಲ್ಲಿ ಕನ್ನಡದವು 235, ಓದುವವರು 6,641. ನಮ್ಮಲ್ಲೂ ಶಾಲೆಗಳಿದ್ದವು ಎಂದು ಎದೆ ತಟ್ಟಿಕೊಳ್ಳುವವರು ಈ ಅಂಕಿಗಳನ್ನು ಹೇಳುತ್ತಾರೆ. ಹೇಳಲಿ, ಹೆಮ್ಮೆಯ ಮಾತೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಎತ್ತುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೇ ಬಂದವರಿಗೆಲ್ಲ ಒಂದೊಂದು ಹೆಚ್ಚು. ಲೆಕ್ಕ ಹಾಕಿ ನೋಡಿ, ಹತ್ತನೆಯವನಿಗೆ ಎಂಟು. ಆ 6,641ರಲ್ಲಿ ಹೆಣ್ಣುಮಕ್ಕಳು 60. ನೀರು ಸೇದಿ, ಕಸ ಗುಡಿಸಿ, ತಮ್ಮನನ್ನು ತೊಟ್ಟಿಲಿಗೆ ಹಾಕಿ ಬರುವ ಹುಡುಗಿ ಎಷ್ಟನೆಯವಳಾಗಿ ಬರುತ್ತಿದ್ದಳೋ!

ಸೋಮಾರಿಗಳನ್ನು ಎರಡು ಕೈ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದರು ಎಂದೂ ಆತ ಬರೆದಿದ್ದಾನೆ. ನಮ್ಮ ಅಜ್ಜಂದಿರು ಕೂಲಿಮಠದ ಕಥೆ ಹೇಳುವಾಗ ಕೋದಂಡ ಎನ್ನುತ್ತಿದ್ದುದು ಇಂಥದ್ದನ್ನೇ. ಕೂರುವುದು ಏಳುವುದು ಮಾಡಿಸುವ ಶಿಕ್ಷೆಯನ್ನು ಮಾತ್ರ ಸಾಹೇಬ, ನೋವಿನದಾದರೂ ಪ್ರಾಯಶಃ ಆರೋಗ್ಯಕ್ಕೆ ಒಳ್ಳೆಯದು ಎಂಬರ್ಥದಲ್ಲಿ ವರ್ಣಿಸಿದ್ದಾನೆ. ಮಹಾರಾಯ, ಅವನೂ ಏಟು ತಿಂದೇ ಓದಿದವನಿರಬೇಕು. ಅವನ ದೇಶದಲ್ಲಿ ಸರ್ಕಾರಿ ಶಾಲೆಗಳಿಂದ ಬೆತ್ತ ಹೊರಗೆ ಹೋದದ್ದು 1987ರಲ್ಲಿ. ಆದ್ದರಿಂದ ನಮ್ಮದೋ ಅವರದೋ ಎಂಬ ಜಗಳ ಬೇಡ. ಇಬ್ಬರ ಮನೆಯ ಅಟ್ಟದಲ್ಲೂ ಅದು ಇತ್ತು.

ಹೊಡೆಸಿಕೊಳ್ಳುವ ಮಗುವಿನ ಕಣ್ಣಿನಿಂದ ಬರೆದ ಬರಹ ನಮ್ಮ ನಾಡಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರು ಇದ್ದಾರೆ. ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರದು. ನಮ್ಮಲ್ಲಿ ಬಹಳ ಮಂದಿಗೆ ಸ್ವಾಮಿ ಪರಿಚಯವಾದದ್ದು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ದೂರದರ್ಶನದ 'ಮಾಲ್ಗುಡಿ ಡೇಸ್'ನಿಂದ, 1986-87ರಲ್ಲಿ. ಮಾಸ್ಟರ್ ಮಂಜುನಾಥನ ಆ ಟೋಪಿ, ಆ ಓಟ ನೋಡಿ ನಾವೆಲ್ಲ ನಕ್ಕೆವು. ಕಾದಂಬರಿಯಲ್ಲಿ ಬೋರ್ಡ್ ಹೈಸ್ಕೂಲಿನ ಹೆಡ್‌ಮಾಸ್ಟರರು ಹೊಡೆಯಲು ಬಂದಾಗ ಸ್ವಾಮಿ ಬೆತ್ತವನ್ನು ಕಸಿದು ಕಿಟಕಿಯಿಂದಾಚೆ ಎಸೆದು ಓಡಿಹೋಗುತ್ತಾನೆ. ಭಲೆ ಎನಿಸುತ್ತದೆ. ಆದರೆ ನಾರಾಯಣರು ಅಲ್ಲಿಗೆ ನಿಲ್ಲಿಸುವುದಿಲ್ಲ. ಹೆದರಿದ ಮಗು ಮನೆಗೂ ಹೋಗಲಾರದೆ ಊರು ಬಿಟ್ಟು ಕಾಡು ಸೇರುತ್ತದೆ, ಕ್ರಿಕೆಟ್ ಮ್ಯಾಚು ತಪ್ಪುತ್ತದೆ, ಪ್ರಾಣಕ್ಕೆ ಪ್ರಾಣವಾಗಿದ್ದ ರಾಜಂನ ಸ್ನೇಹ ಹೋಗುತ್ತದೆ. ಹೆಡ್‌ಮಾಸ್ಟರರಿಗೆ ಹೋದದ್ದು ಒಂದು ಬೆತ್ತ. ಮಗುವಿಗೆ ಹೋದದ್ದು ಎಷ್ಟು ನೋಡಿ.

ಅದಕ್ಕಿಂತಲೂ ನನ್ನನ್ನು ಕಾಡುವುದು ಅವರ 'ಫಾದರ್ಸ್ ಹೆಲ್ಪ್' ಎಂಬ ಚಿಕ್ಕ ಕಥೆ. ಸೋಮವಾರ ಬೆಳಿಗ್ಗೆ ಶಾಲೆ ತಪ್ಪಿಸಲು ಸ್ವಾಮಿ ತಲೆನೋವು ಎನ್ನುತ್ತಾನೆ. ತಂದೆ ಒಪ್ಪದಿದ್ದಾಗ, ತಡವಾಗಿ ಹೋದರೆ ಸ್ಯಾಮ್ಯುಯೆಲ್ ಮೇಷ್ಟ್ರು ಚರ್ಮ ಸುಲಿಯುತ್ತಾರೆ, ರಕ್ತ ಕಾಣುವವರೆಗೆ ಹೊಡೆಯುತ್ತಾರೆ ಎಂದು ಕಥೆ ಕಟ್ಟುತ್ತಾನೆ. ತಂದೆ ಸಿಟ್ಟಾಗಿ ಹೆಡ್‌ಮಾಸ್ಟರರಿಗೆ ಕಾಗದ ಬರೆದು, ಅದನ್ನು ಇವನ ಕೈಯಲ್ಲೇ ಕೊಟ್ಟು ಕಳಿಸುತ್ತಾರೆ. ದಾರಿಯಲ್ಲಿ ಮಗುವಿಗೆ ಪಶ್ಚಾತ್ತಾಪ. ಸ್ಯಾಮ್ಯುಯೆಲ್ ನಿಜವಾಗಿ ಅಷ್ಟು ಕೆಟ್ಟವರೇ? ಕಾಗದದಲ್ಲಿರುವುದು ಸುಳ್ಳಾಗಬಾರದಲ್ಲ! ಅದಕ್ಕಾಗಿ ತಾನೇ ತರಗತಿಯಲ್ಲಿ ಎದುರು ಮಾತಾಡಿ, ರೇಗಿಸಿ, ಏಟು ತಿನ್ನುತ್ತಾನೆ. ಆಮೇಲೆ ಕಾಗದ ಹಿಡಿದು ಹೋದರೆ ಹೆಡ್‌ಮಾಸ್ಟರರು ರಜೆ, ಅವರ ಜಾಗದಲ್ಲಿರುವವರು ಅದೇ ಸ್ಯಾಮ್ಯುಯೆಲ್! ಮಗು ಓಡಿ ಮನೆಗೆ ಬರುತ್ತದೆ. ನೀನು ಹೇಡಿ, ನಿನಗೆ ಸ್ಯಾಮ್ಯುಯೆಲ್ಲೇ ಸರಿ ಎಂಬ ಧಾಟಿಯಲ್ಲಿ ತಂದೆ ಮಾತು ಮುಗಿಸುತ್ತಾರೆ.

ನಾನು ಬಿಎ ಓದುವಾಗ ಈ ಕಥೆಗೆ ಬಿದ್ದು ಬಿದ್ದು ನಕ್ಕಿದ್ದೆ. ಟೀಚರಾಗಿ ಹತ್ತು ವರ್ಷದ ಮೇಲೆ ಓದಿದಾಗ ನಗು ಬರಲಿಲ್ಲ. ಈ ಮಗುವಿನ ನ್ಯಾಯಬುದ್ಧಿ ಎಷ್ಟು ಸೂಕ್ಷ್ಮ! ಮೇಷ್ಟ್ರ ಮೇಲೆ ಸುಳ್ಳು ಆಪಾದನೆ ಬರಬಾರದೆಂದು ತನ್ನ ಅಂಗೈಯನ್ನೇ ಒಡ್ಡುತ್ತದೆ. ಸುತ್ತಲಿನ ದೊಡ್ಡವರಲ್ಲಿ ಒಬ್ಬರಿಗೂ ಅಷ್ಟು ನ್ಯಾಯ ಇಲ್ಲ. ದೂರು ಕೊಡಬೇಕಾದ ಜಾಗದಲ್ಲಿ ಹೊಡೆದವರೇ ಕೂತಿರುತ್ತಾರೆ ಎಂಬ ಮಾತನ್ನು ನಾರಾಯಣರು ಎಷ್ಟು ಹಗುರವಾಗಿ ಹೇಳಿಬಿಟ್ಟಿದ್ದಾರೆ! ಈ ಹಗುರವೇ ಅವರ ಬಗ್ಗೆ ನನಗಿರುವ ತಕರಾರು ಕೂಡ. ಅವರ ನಗು ಮಗುವಿನ ಪಕ್ಷದ್ದು, ನಿಜ. ಆದರೆ ಓದಿದ ತಂದೆ ತಾಯಿಯರು ನಕ್ಕು ಹಗುರಾಗಿ, ಮರುದಿನ ಮಗುವನ್ನು ಅದೇ ತರಗತಿಗೆ ಕಳಿಸಲು ಅದು ಅಡ್ಡಿ ಬರುವುದಿಲ್ಲ. ಹೆಡ್‌ಮಾಸ್ಟರರ ಮಗನಾಗಿ ಬೆಳೆದು, ಚನ್ನಪಟ್ಟಣದ ಶಾಲೆಯಲ್ಲಿ ಕೆಲವೇ ದಿನ ಮೇಷ್ಟ್ರಾಗಿದ್ದು ಓಡಿಬಂದವರು ಅವರು. ಒಳಗಿನದು ಅವರಿಗೆ ಗೊತ್ತಿತ್ತು. ರಾಜ್ಯಸಭೆಯ ಸದಸ್ಯರಾಗಿದ್ದಾಗ 1989ರಲ್ಲಿ ಮಾತಾಡಲು ಎದ್ದು, ಮಕ್ಕಳ ಬೆನ್ನ ಮೇಲಿನ ಪುಸ್ತಕದ ಹೊರೆಯ ಬಗ್ಗೆಯೇ ಮಾತಾಡಿದರು. ಪ್ರೊ. ಯಶಪಾಲ್ ಸಮಿತಿಯ 1993ರ ವರದಿಗೆ ಆ ಮಾತೂ ಒಂದು ಬೀಜ.

ನಾರಾಯಣರ ಸ್ವಾಮಿಗೆ ಕಾಗದ ಬರೆಯುವ ತಂದೆಯಾದರೂ ಇದ್ದರು. ಏಟಿನಲ್ಲೂ ಪಂಕ್ತಿಭೇದ ಉಂಟು ಎಂಬುದು ತಿಳಿಯಬೇಕಾದರೆ ಓಂಪ್ರಕಾಶ್ ವಾಲ್ಮೀಕಿಯವರ ಹಿಂದಿ ಆತ್ಮಕಥೆ 'ಜೂಠನ್' ಓದಬೇಕು. 1997ರಲ್ಲಿ ಬಂದ ಪುಸ್ತಕ. ಉತ್ತರ ಪ್ರದೇಶದ ಹಳ್ಳಿಯ ಶಾಲೆಯಲ್ಲಿ ಹೆಡ್‌ಮಾಸ್ಟರನೊಬ್ಬ ಆ ಹುಡುಗನ ಜಾತಿ ಹಿಡಿದು ಕರೆದು, ಪಾಠಕ್ಕೆ ಕೂರಿಸದೆ, ದಿನಗಟ್ಟಲೆ ಶಾಲೆಯ ಅಂಗಳ ಗುಡಿಸುವುದಕ್ಕೆ ಹಚ್ಚುತ್ತಾನೆ. ಆ ಪುಟಗಳಲ್ಲಿ ಕೃತಜ್ಞತೆ ಇಲ್ಲ, ಎಲ್ಲಿಂದ ಬರಬೇಕು? ನಮ್ಮ ಗ್ರಂಥದ ಲೇಖಕರು ಇದೊಂದು ಅಧ್ಯಾಯ ಓದಿ ಆಮೇಲೆ ಬರೆಯಲು ಕೂತಿದ್ದರೆ ಅರ್ಧ ಲೇಖನಗಳು ಬೇರೆಯಾಗುತ್ತಿದ್ದವು. ಯಾರಿಗೆ ಬೆತ್ತ, ಯಾರಿಗೆ ಬರೀ ಗದರಿಕೆ ಎಂಬುದು ನಮ್ಮ ಶಾಲೆಯಲ್ಲೂ ಕುರುಡರಿಗೂ ಕಾಣುವಂತಿತ್ತು. ನನ್ನ ಕೆನ್ನೆಗೆ ಯಾರೂ ಕೈ ಹಚ್ಚಿದ್ದಿಲ್ಲ. ಉತ್ತರ ಬರುತ್ತಿತ್ತು, ನಿಜ. ಉತ್ತರ ಬಾರದ ದಿನವೂ ನನ್ನ ಕಡೆ ಪ್ರಶ್ನೆ ಬರುತ್ತಿರಲಿಲ್ಲ ಎಂಬುದೂ ನಿಜ.

ಈಗ ನನ್ನ ಸರದಿ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಬಿಎಡ್‌ನಲ್ಲಿ ಥಾರ್ನ್‌ಡೈಕನ ಕಲಿಕೆಯ ನಿಯಮಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಮೆಚ್ಚುಗೆ ಕಲಿಕೆಯನ್ನು ಬಲಗೊಳಿಸಿದಷ್ಟು ದಂಡನೆ ತಪ್ಪನ್ನು ಅಳಿಸುವುದಿಲ್ಲ ಎಂದು ಆತನೇ ಆಮೇಲೆ ತಿದ್ದಿಕೊಂಡ. ಅದನ್ನೂ ಐದು ಅಂಕದ ಪ್ರಶ್ನೆಗೆ ಬರೆದಿದ್ದೆ. ಮೊದಲ ತಿಂಗಳೇ ಕೈಗೆ ಮರದ ಸ್ಕೇಲು ಬಂತು. ಎಪ್ಪತ್ತು ಮಕ್ಕಳ ತರಗತಿ, ಪಕ್ಕದ ಕೋಣೆಗೂ ನಮ್ಮದಕ್ಕೂ ನಡುವೆ ಅರ್ಧ ಗೋಡೆ, ಸ್ಟಾಫ್ ರೂಮಿನಲ್ಲಿ 'ನಿಮ್ಮ ಕ್ಲಾಸು ಸಂತೆ ಇದ್ದ ಹಾಗಿರುತ್ತಲ್ಲ' ಎಂಬ ಮಾತು. ಕಾರಣಗಳು ಎಷ್ಟು ಬೇಕಾದರೂ ಇವೆ, ಎಲ್ಲವೂ ನಿಜವೇ. ಮನೆಯ ಸಿಟ್ಟನ್ನು ಶಾಲೆಗೆ ತಂದ ದಿನಗಳೂ ಇದ್ದವು. ಅತ್ತೆಯವರ ಜೊತೆ ಮಾತು ಬೆಳೆದ ದಿನ ಸ್ಕೇಲಿಗೆ ಕೆಲಸ ಹೆಚ್ಚು. ಹೆಂಗಸರು ಮೃದು ಎನ್ನುತ್ತಾರೆ. ತೊಡೆ ಚಿವುಟುವುದು, ಬೆರಳಿನ ಸಂದಿಯಲ್ಲಿ ಪೆನ್ಸಿಲ್ ಇಟ್ಟು ಅದುಮುವುದು ಇವೆಲ್ಲ ಹೆಚ್ಚಾಗಿ ನಾವು ಟೀಚರಮ್ಮಂದಿರ ವಿದ್ಯೆಗಳೇ. ಗುರುತು ಕಾಣುವುದಿಲ್ಲ, ಅದೇ ಅದರ ಅನುಕೂಲ.

ಕಾನೂನು ನಿಧಾನವಾಗಿ ಬಂತು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದ್ದು 1992ರಲ್ಲಿ. ಬೆತ್ತಕ್ಕೆ ಅವಕಾಶ ಕೊಟ್ಟಿದ್ದ ದೆಹಲಿಯ ಶಾಲಾ ನಿಯಮಗಳನ್ನು ಅಲ್ಲಿನ ಹೈಕೋರ್ಟು ತೆಗೆದುಹಾಕಿದ್ದು 2000ದ ಡಿಸೆಂಬರಿನಲ್ಲಿ. 2007ರಲ್ಲಿ ಕೇಂದ್ರ ಸರ್ಕಾರದ ಅಧ್ಯಯನ ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 65 ಮಂದಿ ಏಟು ತಿನ್ನುತ್ತಾರೆ ಎಂದಿತು. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ತಪ್ಪಿದವರ ಮೇಲೆ ಕ್ರಮ ಸೇವಾ ನಿಯಮಗಳ ಪ್ರಕಾರ, ಅಂದರೆ ಮತ್ತೆ ಸ್ಯಾಮ್ಯುಯೆಲ್ಲರ ಮೇಜಿಗೆ. ಆ ಕಾಯ್ದೆಯ 'ಮಗು' ಆರರಿಂದ ಹದಿನಾಲ್ಕು ವರ್ಷದ್ದು. ನನ್ನ ಎಂಟನೇ ತರಗತಿಯ ಹುಡುಗ ಅದರೊಳಗೆ, ಹತ್ತನೇ ತರಗತಿಯ ಅವನ ಅಕ್ಕ ಅದರ ಹೊರಗೆ. ಬೇರೆ ಕಾನೂನುಗಳ ಆಸರೆ ಅವಳಿಗಿದೆ, ಆದರೂ ನಮ್ಮ ಸ್ಟಾಫ್ ರೂಮುಗಳಿಗೆ ಹೆಚ್ಚು ಗೊತ್ತಿರುವುದು ಇದೊಂದೇ.

ಸ್ಕೇಲು ನಾನು ಬಿಟ್ಟೆ. ಜ್ಞಾನೋದಯದಿಂದಲ್ಲ, ಸುತ್ತೋಲೆಯ ಭಯದಿಂದ. ಕೈ ನಿಂತ ಮೇಲೆ ನಾಲಗೆ ಉದ್ದವಾಯಿತು. 'ನಿನ್ನ ತಲೇಲಿರೋದೇನು, ಸಗಣಿಯಾ?' 'ನಿಮ್ಮಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗು, ಅದಾದ್ರೂ ಬರುತ್ತೆ.' ಇವು ನಾನೇ ಆಡಿದ ಮಾತುಗಳು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಏಳು ರಾಜ್ಯಗಳಲ್ಲಿ 6,632 ಮಕ್ಕಳನ್ನು ಮಾತಾಡಿಸಿದಾಗ, ತಮಗೆ ಯಾವ ಶಿಕ್ಷೆಯೂ ಆಗಿಲ್ಲ ಎಂದವರು ಒಂಬತ್ತೇ ಮಕ್ಕಳು. ನಿನಗೆ ಕಲಿಯುವ ಯೋಗ್ಯತೆ ಇಲ್ಲ ಎಂಬಂಥ ಮಾತು ಕೇಳಿದವರು ನೂರಕ್ಕೆ 81. ಬೆತ್ತದ ಏಟಿಗಿಂತ ಇದೇ ಹೆಚ್ಚು. ಓದಿದಾಗ ನನ್ನ ಧ್ವನಿಯೇ ಕೇಳಿಸಿತು.

ಈ ಮಾತಿನ ಏಟನ್ನು ರವೀಂದ್ರನಾಥ ಟ್ಯಾಗೋರರು ನೂರಮೂವತ್ತು ವರ್ಷಗಳ ಹಿಂದೆಯೇ 'ಗಿನ್ನಿ' ಎಂಬ ಕಥೆಯಲ್ಲಿ ಹಿಡಿದಿದ್ದಾರೆ. ತಂಗಿಯ ಜೊತೆ ಗೊಂಬೆಯಾಟ ಆಡಿದ ನಾಚಿಕೆಯ ಹುಡುಗನಿಗೆ ಮೇಷ್ಟ್ರು ತರಗತಿಯಲ್ಲಿ 'ಗೃಹಿಣಿ' ಎಂದು ಹೆಸರಿಡುತ್ತಾನೆ, ಅಷ್ಟೇ ಕಥೆ. ಬೆತ್ತವೇ ಇಲ್ಲ. ನಮ್ಮ ಗಂಡುಹುಡುಗರನ್ನು ಅವಮಾನಿಸಲು ಹೆಂಗಸಿನ ಹೆಸರೇ ಬೇಕು ಎಂಬುದನ್ನೂ ಗಮನಿಸಿ.

ಇದಕ್ಕೆ ಎದುರಾಗಿ ಜಪಾನಿನ 'ತೊತ್ತೊಚಾನ್' ಇದೆ. ಕನ್ನಡದಲ್ಲೂ ಸಿಗುತ್ತದೆ, ಮನೆಯಲ್ಲಿ ಮಕ್ಕಳಿರುವವರು ತಂದಿಟ್ಟುಕೊಳ್ಳಿ. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿಯ ಮಾತನ್ನು ಹೊಸ ಶಾಲೆಯ ಹೆಡ್‌ಮಾಸ್ಟರ್ ಕೊಬಾಯಾಶಿ ನಾಲ್ಕು ಗಂಟೆ ಕೂತು ಕೇಳಿದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇನ್ನೊಂದು ಪ್ರಸಂಗ ಮುಖ್ಯ. ಬೆಳವಣಿಗೆ ನಿಂತುಹೋದ ಕುಳ್ಳ ಹುಡುಗನೊಬ್ಬನನ್ನು ಟೀಚರು ತಮಾಷೆಗೆ, 'ನಿನಗೆ ಬಾಲ ಇದೆಯಾ?' ಎಂದು ಕೇಳಿಬಿಡುತ್ತಾರೆ. ಕೊಬಾಯಾಶಿ ಆ ಟೀಚರನ್ನು ಬಹಳ ಗಟ್ಟಿಯಾಗಿ ಗದರಿಸುತ್ತಾರೆ. ಎಲ್ಲಿ? ತರಗತಿಯಲ್ಲಲ್ಲ, ಸ್ಟಾಫ್ ರೂಮಿನಲ್ಲೂ ಅಲ್ಲ, ಯಾರೂ ಇಲ್ಲದ ಅಡಿಗೆಮನೆಯಲ್ಲಿ. ಬಾಗಿಲ ಸಂದಿಯಿಂದ ಮಗು ನೋಡಿದ್ದು ಆಕಸ್ಮಿಕ. ಟೀಚರಿಗೂ ಮಾನವಿದೆ ಎಂದು ಬಲ್ಲವರು ಮಾತ್ರ ಮಗುವಿಗೆ ಮಾನವಿದೆ ಎಂದು ಟೀಚರಿಗೆ ಕಲಿಸಬಲ್ಲರೇನೋ. ಇನ್‌ಸ್ಪೆಕ್ಟರರು ಮಕ್ಕಳೆದುರೇ ನಮ್ಮನ್ನು ಬೈದು ಹೋದ ದಿನ ನಮ್ಮ ತರಗತಿಗಳಲ್ಲಿ ಏನಾಗುತ್ತಿತ್ತೆಂದು ನನಗೆ ಗೊತ್ತು.

ಸನ್ಮಾನದ ದಿನ ಇದ್ಯಾವುದನ್ನೂ ನಾನು ಹೇಳಲಿಲ್ಲ. ಎಂಟು ನಿಮಿಷ ಮಾತಾಡಿದೆ. ಕಾಗದ ಚೆನ್ನಾಗಿದೆ, ಲೇಖನಗಳಲ್ಲಿ ಆತ್ಮೀಯತೆ ಇದೆ ಎಂದೆ. ಚಪ್ಪಾಳೆ ಬಿತ್ತು.

ಅದಾಗಿ ಹದಿನೈದು ದಿನಕ್ಕೆ ಶಾಲೆಯಲ್ಲಿ ಪೋಷಕರ ಸಭೆ. ಎಂಟನೇ ತರಗತಿಯ ಹುಡುಗನೊಬ್ಬನ ಜೊತೆ ಅಜ್ಜಿ ಬಂದಿದ್ದಳು. ಅಜ್ಜಿಯೆಂದರೆ ನನ್ನದೇ ವಯಸ್ಸು, ಕೂದಲು ಮಾತ್ರ ಪೂರ್ತಿ ಬೆಳ್ಳಗೆ. ಹುಡುಗನ ಅಂಕ ತೋರಿಸಿದೆ. ಅವಳು ಅಂಕಪಟ್ಟಿ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಗುರ್ತು ಸಿಗ್ಲಿಲ್ವಾ ಮೇಡಂ?" ಎಂದಳು. ಮೂಗು ನೋಡಿ ಗುರುತು ಸಿಕ್ಕಿತು. ನಲವತ್ತು ವರ್ಷದ ಹಿಂದೆ ಜಗಲಿಯ ಬಳಿ ಏನೇ ಬಾರೆ ಎಂದು ಕೂಗುತ್ತಿದ್ದವಳು ನನ್ನನ್ನು ಮೇಡಂ ಎನ್ನುತ್ತಿದ್ದಳು. ಕೂರಿಸಿ ಮಾತಾಡಿಸಿದೆ. ಮಗಳು ತೀರಿಕೊಂಡಿದ್ದಾಳೆ, ಮೊಮ್ಮಗ ಇವಳ ಬಳಿಯೇ. ಹೋಗುವಾಗ ಹುಡುಗನ ತಲೆಯ ಮೇಲೆ ಕೈಯಿಟ್ಟು, "ಓದದೇ ಇಲ್ಲ ಮೇಡಂ ಇವ್ನು. ಕಣ್ಣೆರಡು ಬಿಟ್ಟು ಎಲ್ಲಿಗ್ ಬೇಕಾದ್ರೂ ಹೊಡೀರಿ, ನಾನೇನೂ ಕೇಳಕ್ ಬರಲ್ಲ" ಎಂದಳು. ಹುಡುಗ ನೆಲ ನೋಡುತ್ತಿದ್ದ. ಈ ಮಾತನ್ನು ನನ್ನ ನೌಕರಿಯಲ್ಲಿ ನೂರಾರು ಸಲ ಕೇಳಿದ್ದೇನೆ, ಅಪ್ಪಂದಿರಿಂದ, ಅಮ್ಮಂದಿರಿಂದ. ಅವಳ ಬಾಯಿಂದ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿನ ಮಳೆಗಾಲದ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದೇ ಭಾನುವಾರ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಅಭಿನಂದನ ಗ್ರಂಥದ ಕಟ್ಟುಗಳು ಹಾಗೇ ಇದ್ದವು. ಕಣ್ಣು ಮಂಜಾಗಿದೆ, ಯಾರಾದರೂ ಓದಿ ಹೇಳಬೇಕು ಎಂದರು. ನಾನು ಓದಲಿಲ್ಲ. ಆ ಹುಡುಗಿಯ ಕಥೆ ಹೇಳಿದೆ, ಮೂಗು ಹಿಡಿದದ್ದು, ಎರಡನೆಯ ಏಟು, ಎಲ್ಲ. ನಡುವೆ ನನ್ನ ಧ್ವನಿ ನಡುಗಿತು. ಅವರು ಅಲ್ಲಗಳೆಯಲಿಲ್ಲ, ಆ ಕಾಲವೇ ಹಾಗಿತ್ತು ಎಂದೂ ಹೇಳಲಿಲ್ಲ. ಅವಳ ಅಪ್ಪನ ಹೆಸರು ಕೇಳಿದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಒಳಗಿನಿಂದ ಸೊಸೆ ಕಾಫಿ ತಂದಿಟ್ಟು ಹೋದರು.

"ಅಕ್ಷರ ಗುಂಡಗಿತ್ತು ಅವಳದ್ದು" ಎಂದರು ಆಮೇಲೆ. "ರಜೆ ಕಳೆದು ಬರಲಿಲ್ಲ. ಒಂದು ತಿಂಗಳು ನೋಡಿದೆ. ಹಾಜರಿ ಪುಸ್ತಕದಲ್ಲಿ ನಾನೇ ಹೆಸರು ಹೊಡೆದುಹಾಕಿದೆ, ಕೆಂಪು ಶಾಯೀಲಿ. ಮನೆ ಅಲ್ಲೇ ಇತ್ತು, ಕೆರೆ ಹಿಂದೆ. ಹೋಗಿ ಕೇಳಬಹುದಿತ್ತು." ಲೋಟ ಕೈಗೆತ್ತಿಕೊಂಡು, "ನಿನ್ನ ಕಾಫಿ ಆರುತ್ತೆ, ಕುಡಿಯಮ್ಮ" ಎಂದರು.